ಮುಳಬಾಗಿಲಿನ ತಂಗಿಗೆ: ಪಿನ್ ಬರುವ ಮೊದಲು, ಬಂದ ಮೇಲೆ

ತಂಗಿ, ನಿನ್ನ ಪ್ರಶ್ನೆಯನ್ನು ನೈಟ್ ಡ್ಯೂಟಿ ಮುಗಿಸಿ ಬಂದು ಎರಡು ಸಲ ಓದಿದೆ. ಬಿಎಸ್ಸಿ ನರ್ಸಿಂಗ್ ಮುಗಿಸಿ ಕೋಲಾರದಲ್ಲಿ ಎರಡು ವರ್ಷ ವಾರ್ಡಿನಲ್ಲಿ ದುಡಿದಿದ್ದೀಯ, ಕೈಯಲ್ಲಿ ಆರ್‌ಎನ್ ಆರ್‌ಎಂ, ಅಂದರೆ ನರ್ಸ್ ಮತ್ತು ಮಿಡ್‌ವೈಫ್ (ಸೂಲಗಿತ್ತಿ) ಎರಡರ ನೋಂದಣಿಯೂ ಇದೆ. "ನಾಲ್ಕು ವರ್ಷ ಓದಿ ರಿಜಿಸ್ಟ್ರೇಷನ್ ಮಾಡಿಸಿದ ಮೇಲೂ ಇಂಗ್ಲೆಂಡಿನಲ್ಲಿ ಮತ್ತೆ ಪರೀಕ್ಷೆ ಯಾಕಕ್ಕಾ? ನಮ್ಮ ಕೌನ್ಸಿಲ್ ನಂಬರಿಗೆ ಅಲ್ಲಿ ಬೆಲೆ ಇಲ್ವಾ? ಜೀವನ ಹೇಗಿದೆ?" ಅಂತ ಕೇಳಿದ್ದೀಯ. ನಾನು ಶ್ರೀನಿವಾಸಪುರದ ಕಡೆಯವಳು. ಲೀಸೆಸ್ಟರಿಗೆ ಬಂದು ನಾಲ್ಕು ವರ್ಷ ಆಯಿತು, ಮಗಳು ಇಲ್ಲಿಯ ಶಾಲೆಗೇ ಹೋಗುತ್ತಾಳೆ. ಗೊತ್ತಿರುವಷ್ಟು ಹೇಳುತ್ತೇನೆ. ಪಿನ್ ಅಂದರೆ ಇಲ್ಲಿಯ ಕೌನ್ಸಿಲ್ ಕೊಡುವ ನೋಂದಣಿ ನಂಬರು.

ನಿನ್ನ ನಂಬರಿಗೆ ಬೆಲೆ ಇದೆ. ಅದಿಲ್ಲದೆ ಇಲ್ಲಿಯವರು ಅರ್ಜಿಯನ್ನು ಮುಂದಕ್ಕೇ ಬಿಡುವುದಿಲ್ಲ. ಆದರೆ ಆ ನಂಬರು ಕೊಟ್ಟವರು ಯಾರು ಅನ್ನುವುದನ್ನು ಮೊದಲು ಸರಿಯಾಗಿ ತಿಳಿದುಕೋ, ಇದರಲ್ಲಿ ತುಂಬಾ ಜನ ಎಡವುತ್ತಾರೆ. ದೆಹಲಿಯ ಭಾರತೀಯ ನರ್ಸಿಂಗ್ ಪರಿಷತ್ತು 1947ರ ಕಾಯ್ದೆಯಿಂದ ಬಂದದ್ದು. ಏನು ಕಲಿಸಬೇಕು, ಎಷ್ಟು ಗಂಟೆ ಥಿಯರಿ, ಎಷ್ಟು ಗಂಟೆ ವಾರ್ಡು ಅಂತ ಗೊತ್ತುಮಾಡುವುದು ಅದು. ನಿನ್ನ ಪರೀಕ್ಷೆ ನಡೆಸಿದ್ದು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ. ನಿನ್ನ ಹೆಸರನ್ನು ರಿಜಿಸ್ಟರಿಗೆ ಏರಿಸಿದ್ದು ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್. ಹಾಗಾಗಿ "ಈಕೆ ನಮ್ಮಲ್ಲಿ ನೋಂದಾಯಿತ ನರ್ಸ್, ಇವಳ ಮೇಲೆ ದೂರಿಲ್ಲ" ಅಂತ ಇಂಗ್ಲೆಂಡಿಗೆ ಹೇಳಬೇಕಾದದ್ದೂ ರಾಜ್ಯ ಕೌನ್ಸಿಲೇ. 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಪಾಸ್ ಮಾಡಿದೆ, ಹಳೇ ಪರಿಷತ್ತಿನ ಜಾಗಕ್ಕೆ ಆಯೋಗ ತರುವುದಕ್ಕೆ. ಹೆಸರು ಬದಲಾದರೂ ನಿನ್ನ ಹಳೇ ಕಾಗದಗಳನ್ನು ಜೋಪಾನವಾಗಿಡು.

ನನಗೆ ಪೆಟ್ಟು ಬಿದ್ದದ್ದು ಕಾಗದದಲ್ಲೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಕೌನ್ಸಿಲ್ ಸರ್ಟಿಫಿಕೇಟಿನಲ್ಲೂ ನನ್ನ ಹೆಸರಿನ ಪಕ್ಕ ಒಂದು ಇನಿಶಿಯಲ್ ಮಾತ್ರ. ಪಾಸ್‌ಪೋರ್ಟಿನಲ್ಲಿ ಅದೇ ಇನಿಶಿಯಲ್ ಅಪ್ಪನ ಪೂರ್ತಿ ಹೆಸರಾಗಿ ಸರ್‌ನೇಮ್ ಜಾಗದಲ್ಲಿ ಕೂತಿತ್ತು. ನಮಗೆ ಎರಡೂ ಒಬ್ಬಳದೇ ಹೆಸರು. ದೂರದೇಶದಲ್ಲಿ ಕಡತ ನೋಡುವವರಿಗೆ ಅದು ಇಬ್ಬರ ಹೆಸರು. ಇಷ್ಟು ಚಿಕ್ಕದಕ್ಕೆ ಯಾರು ತಕರಾರು ಮಾಡುತ್ತಾರೆ ಅಂದುಕೊಂಡು ಹಾಗೇ ಕಳಿಸಿದ್ದು ನನ್ನ ತಪ್ಪು. ಕೋಲಾರದ ಕೋರ್ಟಿನ ಹತ್ತಿರ ನೋಟರಿ ಕೈಲಿ ಅಫಿಡವಿಟ್ ಮಾಡಿಸಿ, ಬೆಂಗಳೂರಿಗೆ ಓಡಾಡಿ, ನಾಲ್ಕು ತಿಂಗಳು ಹೋಯಿತು. ಆ ನಾಲ್ಕು ತಿಂಗಳು ಅಮ್ಮನ ಮುಖ ನೋಡಲಿಕ್ಕೆ ನನಗೆ ಆಗುತ್ತಿರಲಿಲ್ಲ, ಒಡವೆ ಅಡವಿಟ್ಟಿದ್ದಳು.

ಇಲ್ಲಿ ಎಲ್ಲ ಒಂದೇ ಮನೆಯಲ್ಲಿ. ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ಎನ್‌ಎಂಸಿ ಅನ್ನುತ್ತಾರೆ (ನಮ್ಮಲ್ಲಿ ಎನ್‌ಎಂಸಿ ಅಂದರೆ ಡಾಕ್ಟರುಗಳ ಆಯೋಗ, ಕಲಸಿಕೊಳ್ಳಬೇಡ). ಯಾವ ವಿಶ್ವವಿದ್ಯಾಲಯದ ಕೋರ್ಸಿಗೆ ಒಪ್ಪಿಗೆ ಕೊಡಬೇಕು, ಯಾರ ಹೆಸರು ರಿಜಿಸ್ಟರಿನಲ್ಲಿರಬೇಕು, ತಪ್ಪು ಮಾಡಿದವರನ್ನು ಏನು ಮಾಡಬೇಕು, ಮೂರೂ ಅದರದೇ ಕೆಲಸ. ಈ ರಿಜಿಸ್ಟರಿಗಾಗಿ ಎಥೆಲ್ ಗಾರ್ಡನ್ ಫೆನ್‌ವಿಕ್ ಅನ್ನುವ ನರ್ಸ್ ದಶಕಗಟ್ಟಲೆ ಹೋರಾಡಿದಳು. 1919ರಲ್ಲಿ ಕಾಯ್ದೆ ಬಂತು, ರಿಜಿಸ್ಟರಿನ ಮೊದಲ ಹೆಸರು ಅವಳದೇ. ಅದನ್ನು ಓದಿದ ದಿನ ನನ್ನ ಪಿನ್ ಕಾಗದವನ್ನು ಮತ್ತೊಮ್ಮೆ ತೆಗೆದು ನೋಡಿದ್ದೆ.

ಪರೀಕ್ಷೆ ನಮ್ಮ ಓದನ್ನು ಕೀಳಾಗಿ ಕಂಡು ಇಟ್ಟದ್ದಲ್ಲ, ಇಲ್ಲಿಯ ಪದ್ಧತಿಯಲ್ಲಿ ಕೆಲಸ ಮಾಡಬಲ್ಲೆವಾ ಅಂತ ನೋಡಲಿಕ್ಕೆ. ಇಂಗ್ಲಿಷಿಗೆ ಐಇಎಲ್‌ಟಿಎಸ್‌ನಲ್ಲಿ 7, ಬರವಣಿಗೆಗೆ ಮಾತ್ರ 6.5 ಸಾಕು, ಆರೋಗ್ಯ ಕೆಲಸದವರಿಗಾಗಿಯೇ ಇರುವ ಇಂಗ್ಲಿಷ್ ಪರೀಕ್ಷೆ ಒಇಟಿ ಬರೆದರೂ ಆಗುತ್ತದೆ. ಆಮೇಲೆ ನರ್ಸಿಂಗ್ ತಿಳಿವಳಿಕೆಯ ಪರೀಕ್ಷೆ ಸಿಬಿಟಿ, ಅದನ್ನು ಊರಿನಲ್ಲಿರುವಾಗಲೇ ಕಂಪ್ಯೂಟರಿನಲ್ಲಿ ಬರೆಯಬಹುದು. ಇಲ್ಲಿಗೆ ಬಂದ ಮೇಲೆ ಆಸ್ಕಿ, ಅಂದರೆ ಒಂದೊಂದು ಸ್ಟೇಷನ್ನಿನಲ್ಲಿ ಒಂದೊಂದು ಕೆಲಸ ಮಾಡಿ ತೋರಿಸುವ ಪ್ರಾಯೋಗಿಕ ಪರೀಕ್ಷೆ. ಹತ್ತು ಸ್ಟೇಷನ್, ನಾನು ಕೊಟ್ಟಾಗ 794 ಪೌಂಡ್. ಅದರಲ್ಲಿ ನಾನು ಒಂದು ಸ್ಟೇಷನ್ ಫೇಲಾದೆ. ಮಾತ್ರೆ ಕೊಡುವ ಮೊದಲು ಅಲರ್ಜಿ ಇದೆಯಾ ಅಂತ ಕೇಳಲಿಲ್ಲ. ಕೋಲಾರದಲ್ಲಿ ನಲವತ್ತು ಜನ ಪೇಷೆಂಟುಗಳ ಮಧ್ಯೆ ಟ್ರಾಲಿ ತಳ್ಳಿಕೊಂಡು ಹೋಗುವಾಗ ಕೇಸ್ ಶೀಟ್ ನೋಡಿ ಕೊಟ್ಟು ರೂಢಿ. ಇಲ್ಲಿ ಮುಂಗೈ ಪಟ್ಟಿ ನೋಡಬೇಕು, ಹೆಸರು, ಹುಟ್ಟಿದ ದಿನ ಅವರ ಬಾಯಲ್ಲೇ ಹೇಳಿಸಬೇಕು, ಅಲರ್ಜಿ ಕೇಳಬೇಕು, ಆಮೇಲೆ ಮಾತ್ರೆ. 397 ಪೌಂಡ್ ಕಟ್ಟಿ ಮತ್ತೆ ಕೊಟ್ಟೆ. ದುಡ್ಡು ಹೋದ ಸಂಕಟಕ್ಕಿಂತ, ಇಷ್ಟು ವರ್ಷ ಎಷ್ಟು ಜನರನ್ನು ಕೇಳದೆ ಕೊಟ್ಟಿದ್ದೇನೆ ಅನ್ನುವ ಯೋಚನೆ ಆ ರಾತ್ರಿ ನಿದ್ದೆಗೆಡಿಸಿತು.

ಇನ್ನೊಂದು ವಿಷಯ, ಇದನ್ನು ಏಜೆಂಟರು ಹೇಳುವುದಿಲ್ಲ. ನಮ್ಮ ಆರ್‌ಎನ್ ಆರ್‌ಎಂನಲ್ಲಿ ಆ ಆರ್‌ಎಂ ಇದೆಯಲ್ಲ, ಅದು ಇಲ್ಲಿಗೆ ತಾನಾಗಿ ಬರುವುದಿಲ್ಲ. ಇಲ್ಲಿ ಮಿಡ್‌ವೈಫ್ ಬೇರೆಯೇ ವೃತ್ತಿ, ರಿಜಿಸ್ಟರಿನಲ್ಲಿ ಬೇರೆಯೇ ಭಾಗ. ನರ್ಸುಗಳಲ್ಲೂ ದೊಡ್ಡವರಿಗೆ, ಮಕ್ಕಳಿಗೆ, ಮಾನಸಿಕ ಆರೋಗ್ಯಕ್ಕೆ, ಕಲಿಕೆಯ ತೊಂದರೆ ಇರುವವರಿಗೆ ಅಂತ ನಾಲ್ಕು ವಿಭಾಗ. ನಮ್ಮ ಕಡೆಯಿಂದ ಬರುವವರು ಹೆಚ್ಚಾಗಿ ಮೊದಲನೆಯದಕ್ಕೆ. ಊರಲ್ಲಿ ಹೆರಿಗೆ ವಾರ್ಡಿನಲ್ಲಿ ಎಷ್ಟೋ ಕೂಸುಗಳನ್ನು ಈ ಕೈಯಲ್ಲೇ ಎತ್ತಿಕೊಂಡಿದ್ದೇನೆ. ಇಲ್ಲಿ ಆ ಕೆಲಸ ನನ್ನದಲ್ಲ. ನಿನಗೆ ಹೆರಿಗೆ ಕೆಲಸದ ಮೇಲೆಯೇ ಪ್ರೀತಿ ಇದ್ದರೆ ಈ ಮಾತು ಮನಸ್ಸಿನಲ್ಲಿಟ್ಟುಕೊಂಡೇ ತೀರ್ಮಾನ ಮಾಡು.

ಜೀವನ ಕೇಳಿದೆ. ಪಿನ್ ಬರುವವರೆಗೆ ನೀನು ರಿಜಿಸ್ಟರ್ಡ್ ನರ್ಸ್ ಅಂತ ಹೇಳಿಕೊಳ್ಳುವಂತಿಲ್ಲ. ಯೂನಿಫಾರಂ ಬೇರೆ, ಸಂಬಳವೂ ಕೆಳಗಿನ ಬ್ಯಾಂಡಿನದು (ಇಲ್ಲಿಯ ಸರಕಾರಿ ಆಸ್ಪತ್ರೆಗಳಲ್ಲಿ ಸಂಬಳದ ದರ್ಜೆಗೆ ಬ್ಯಾಂಡ್ ಅನ್ನುತ್ತಾರೆ). ಐಸಿಯುನಲ್ಲಿ ವೆಂಟಿಲೇಟರ್ ನೋಡಿದವರೂ ಆ ತಿಂಗಳುಗಳಲ್ಲಿ ಮೈ ತೊಳೆಸುವುದು, ಊಟ ಮಾಡಿಸುವುದು ಮಾಡುತ್ತಾರೆ. ಅಳಬೇಡ, ಇಲ್ಲಿ ರಿಜಿಸ್ಟರ್ಡ್ ನರ್ಸೂ ಅದನ್ನು ಮಾಡುತ್ತಾಳೆ. ಪಿನ್ ಬಂದರೆ ಬ್ಯಾಂಡ್ 5, ವಾರಕ್ಕೆ ಮೂವತ್ತೇಳೂವರೆ ಗಂಟೆ. "ಸಿಸ್ಟರ್" ಅಂತ ಯಾರೂ ಕರೆಯುವುದಿಲ್ಲ, ಇಲ್ಲಿ ಸಿಸ್ಟರ್ ಅಂದರೆ ವಾರ್ಡಿನ ಹಿರಿಯಳು. ನಿನ್ನ ಹೆಸರು ಹಿಡಿದೇ ಕರೆಯುತ್ತಾರೆ, ಡಾಕ್ಟರನ್ನೂ ನೀನು ಹೆಸರು ಹಿಡಿದೇ ಕರೆಯುತ್ತೀಯ. ಡಾಕ್ಟರು ಬರೆದ ಡೋಸ್ ತಪ್ಪು ಅನ್ನಿಸಿದರೆ ಹೇಳಲೇಬೇಕು, ಕೌನ್ಸಿಲಿನ ನೀತಿಸಂಹಿತೆಯಲ್ಲೇ ಅದಿದೆ. ಮೊದಲ ಸಲ ಹೇಳುವಾಗ ನನಗೆ ಬಾಯಿ ಒಣಗಿತ್ತು. ಆಕೆ ಚಾರ್ಟ್ ನೋಡಿ, ತಿದ್ದಿ, ಥ್ಯಾಂಕ್ಸ್ ಅಂದಳು.

ಪಿನ್ ಬಂದರೆ ಮುಗಿಯಿತು ಅಂದುಕೊಳ್ಳಬೇಡ. ವರ್ಷ ವರ್ಷವೂ ಶುಲ್ಕ, ಮೂರು ವರ್ಷಕ್ಕೊಮ್ಮೆ ನೋಂದಣಿಯ ಮರುಪರಿಶೀಲನೆ. ಆ ಮೂರು ವರ್ಷದಲ್ಲಿ 450 ಗಂಟೆ ಕೆಲಸ ಮಾಡಿರಬೇಕು, 35 ಗಂಟೆ ಕಲಿತಿರಬೇಕು, ಬೇರೆಯವರಿಂದ ಐದು ಅಭಿಪ್ರಾಯ ಸಂಗ್ರಹಿಸಬೇಕು, ನಿನ್ನ ಕೆಲಸದ ಬಗ್ಗೆ ನೀನೇ ಯೋಚಿಸಿ ಐದು ಟಿಪ್ಪಣಿ ಬರೆಯಬೇಕು. ನನ್ನ ಒಂದು ಟಿಪ್ಪಣಿ ಆ ಅಲರ್ಜಿಯ ಬಗ್ಗೆಯೇ. ನಿನ್ನ ಹೆಸರೋ ಪಿನ್ನೋ ಹಾಕಿ ಯಾವ ಪೇಷೆಂಟಾದರೂ ರಿಜಿಸ್ಟರನ್ನು ಇಂಟರ್ನೆಟ್ಟಿನಲ್ಲಿ ನೋಡಬಹುದು. ನಮ್ಮೂರ ಪೇಷೆಂಟುಗಳಿಗೂ ಹೀಗೆ ನೋಡುವ ಅಭ್ಯಾಸ ಬರಬೇಕು ಅಂತ ನನ್ನ ಆಸೆ.

ಈ ಸೋಮವಾರ ರಜೆ ಇದ್ದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಡಿಗ್ರಿ, ಕೌನ್ಸಿಲ್ ಸರ್ಟಿಫಿಕೇಟ್, ಪಾಸ್‌ಪೋರ್ಟ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡು. ರಿಜಿಸ್ಟ್ರೇಷನ್ ನವೀಕರಣ ಬಾಕಿ ಇದ್ದರೆ ಮಾಡಿಸು. ಒರಿಜಿನಲ್ ಯಾರ ಕೈಗೂ ಕೊಡಬೇಡ, ಕೆಲಸ ಕೊಡಿಸಲಿಕ್ಕೆ ದುಡ್ಡು ಕೇಳುವವರ ಹತ್ತಿರ ಹೋಗಲೇಬೇಡ. ಇಲ್ಲಿಯ ನಿಯಮದಲ್ಲಿ ಅಭ್ಯರ್ಥಿಯಿಂದ ಅದಕ್ಕೆ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಆಸ್ಕಿ ತಾರೀಖು ಬಂದಾಗ ತಿಳಿಸು, ವಿಡಿಯೊ ಕಾಲಿನಲ್ಲಿ ನಾನು ಪೇಷೆಂಟಾಗಿ ಮಲಗುತ್ತೇನೆ, ನೀನು ಜೋರಾಗಿ ಹೇಳಿಕೊಂಡು ಮಾತ್ರೆ ಕೊಡು.