ಕಾಸರಗೋಡಿನ ಬೇಕಲ ಕೋಟೆಯ ಮುರಕಲ್ಲಿನ (ತೂತುತೂತಾದ ಕೆಂಪು ಕಲ್ಲಿನ) ಗೋಡೆಯೆದುರು ತೆಗೆದ ಪೋರ್ಟ್ರೇಟಿನಲ್ಲಿ ಮಾಡೆಲ್ ಗೋಡೆಗೆ ಅಂಟಿಸಿದಂತೆ ಕಾಣುವುದೇಕೆ?

ಅಂತರ ಸಾಲದ್ದಕ್ಕೆ. ಮಾಡೆಲನ್ನು ಗೋಡೆಯಿಂದ ಎರಡು ಮೀಟರ್ ಮುಂದಕ್ಕೆ ತನ್ನಿ. 85 ಎಂಎಂ ಲೆನ್ಸಿನಲ್ಲಿ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಅಗಲವಾಗಿ ಎಫ್/2 ಇಟ್ಟರೆ ಕಲ್ಲಿನ ತೂತುಗಳು ಮಸುಕಾಗಿ ಮುಖ ಎದ್ದು ಬರುತ್ತದೆ. ಕಲ್ಲಿನ ಸಂದಿನ ಗೆರೆ ಕುತ್ತಿಗೆ ಕತ್ತರಿಸಿದಂತೆ ಕಂಡರೆ ಕ್ಯಾಮೆರಾ ತುಸು ಏರಿಸಿ ಅಥವಾ ಇಳಿಸಿ. ಒರಗಿಸಲೇಬೇಕೆಂದಿದ್ದರೆ ಒಂದು ಭುಜ ಮಾತ್ರ ತಾಗಲಿ, ನೀವು ಗೋಡೆಗುಂಟ ಓರೆಯಾಗಿ ನಿಲ್ಲಿ: ಕಲ್ಲಿನ ಸಾಲುಗಳು ಕಣ್ಣನ್ನು ಮುಖದತ್ತ ಎಳೆಯುತ್ತವೆ.

ನಿಜವಾದ ತಲೆನೋವು ಬಣ್ಣದ್ದು. ಬಿಸಿಲು ಬಿದ್ದ ಮುರಕಲ್ಲು ಹತ್ತಿರದ ಕೆನ್ನೆಗೆ ಕೆಂಪು ಎರಚುತ್ತದೆ. ಅದು ಒಂದೇ ಬದಿಗಿರುವುದರಿಂದ ಇಡೀ ಚಿತ್ರದ ಬಣ್ಣ ಒಟ್ಟಿಗೆ ಸರಿಪಡಿಸುವ ವೈಟ್ ಬ್ಯಾಲೆನ್ಸಿನಿಂದ ಪೂರ್ತಿ ಹೋಗದು. ಆ ಬದಿಯಲ್ಲಿ ಬಿಳಿ ಥರ್ಮೊಕೋಲ್ ಹಲಗೆ ಅಡ್ಡ ಹಿಡಿಸಿ, ಇಲ್ಲವೇ ಗೋಡೆ ನೆರಳಿಗೆ ಬರುವವರೆಗೆ ಕಾಯಿರಿ. ಮೆರೂನ್ ಸೀರೆ ಕಲ್ಲಿನಲ್ಲೇ ಕರಗುತ್ತದೆ; ಚಿನ್ನದಂಚಿನ ಬಿಳಿ ಕಸವು ಸೀರೆ ವಾಸಿ, ಆದರೆ ಬಿಳಿ ಸುಟ್ಟು (ಅತಿ ಬೆಳಕಿಗೆ ವಿವರ ಅಳಿಸಿ) ಹೋಗದಂತೆ ಎಕ್ಸ್‌ಪೋಷರ್ ಸ್ವಲ್ಪ ತಗ್ಗಿಸಿ.