ಕ್ಯಾಂಪ್‌ಗ್ರೌಂಡ್ ಕರೆಂಟ್ ಮತ್ತು ನಿಮ್ಮ ಮೋಟರ್‌ಹೋಮ್: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಅಮೆರಿಕದ ಮೋಟರ್‌ಹೋಮ್ (ಮನೆಯಂತೆ ವಾಸ ಮಾಡಬಹುದಾದ ಗಾಡಿ) ಪ್ರವಾಸದ ಬಗ್ಗೆ ಬರೆದ ಮೇಲೆ ಅಲ್ಲಿನ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಗಾಡಿಗಳು ತಂಗುವ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಪ್ಲಗ್ ಹಾಕಿ ತೆಗೆದುಕೊಳ್ಳುವ ಕರೆಂಟ್ ಬಗ್ಗೆಯೇ ಇವೆ. ಈ ಸಲ ಪೂರ್ತಿ ಅಂಕಣ ಅದಕ್ಕೇ.

ಪ್ರಶ್ನೆ: ನಾವು ಡಲ್ಲಾಸ್ ಹತ್ತಿರ ಇದ್ದೇವೆ. ನಮ್ಮದು ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್, 50 ಆಂಪ್‌ನದು. ಹೋದ ತಿಂಗಳು ಒಂದು ಕ್ಯಾಂಪ್‌ಗ್ರೌಂಡ್‌ನಲ್ಲಿ ರಾತ್ರಿ ಇದ್ದಕ್ಕಿದ್ದಂತೆ ಮೈಕ್ರೋವೇವ್ ಮತ್ತು ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್ ಸುಟ್ಟು ಹೋದವು. ಆಗ ವಾಟರ್ ಹೀಟರ್ ಕರೆಂಟ್ ಮೇಲೆ ಓಡುತ್ತಿತ್ತು, ಅದಕ್ಕೇನೂ ಆಗಿಲ್ಲ. ಲ್ಯಾಪ್‌ಟಾಪ್ ಚಾರ್ಜರ್‌ಗೂ ಏನೂ ಆಗಿಲ್ಲ. ಮ್ಯಾನೇಜರ್ ಸಿಡಿಲಿರಬೇಕು ಅಂದರು, ಆದರೆ ಅವತ್ತು ಮೋಡವೇ ಇರಲಿಲ್ಲ. ಸರ್ಜ್ ಪ್ರೊಟೆಕ್ಟರ್ ಕೂಡ ಹಾಕಿದ್ದೆವು. ಏನಾಗಿರಬಹುದು?

ಉತ್ತರ: ನೀವು ಬರೆದಿದ್ದನ್ನು ನೋಡಿದರೆ ನ್ಯೂಟ್ರಲ್ ಕಡಿದಿರುವ ಸಾಧ್ಯತೆ ತುಂಬಾ ಜಾಸ್ತಿ. ಸಿಡಿಲಿನ ಕೆಲಸ ಅನ್ನಿಸುವುದಿಲ್ಲ.

50 ಆಂಪ್ ಸಾಕೆಟ್‌ನಲ್ಲಿ ನಾಲ್ಕು ತೂತು ಇರುತ್ತವೆ ಅಲ್ವಾ, ಅದರಲ್ಲಿ ಎರಡು ಲೈನ್ (ನಮ್ಮಲ್ಲಿ ಫೇಸ್ ಅನ್ನುವುದು), ಒಂದು ನ್ಯೂಟ್ರಲ್, ಒಂದು ಅರ್ಥ್. ಪ್ರತಿ ಲೈನ್‌ಗೂ ನ್ಯೂಟ್ರಲ್‌ಗೂ ನಡುವೆ 120 ವೋಲ್ಟ್, ಎರಡು ಲೈನ್‌ಗಳ ನಡುವೆ 240. ಮೋಟರ್‌ಹೋಮ್ ಒಳಗೆ ಅರ್ಧ ಸಾಮಾನು ಒಂದು ಲೈನ್ ಮೇಲೆ, ಇನ್ನರ್ಧ ಮತ್ತೊಂದರ ಮೇಲೆ. ಇಬ್ಬರಿಗೂ ಸಮವಾಗಿ 120 ಸಿಗುವುದು ನ್ಯೂಟ್ರಲ್ ಮಧ್ಯದಲ್ಲಿ ಇರುವುದರಿಂದ. ಅದು ಸಡಿಲವಾದರೆ ಅಥವಾ ಸುಟ್ಟು ಕಡಿದರೆ ಎರಡೂ ಕಡೆಯ ಸಾಮಾನು ಒಂದರ ಹಿಂದೊಂದು ಸರಣಿಯಲ್ಲಿ ಸೇರಿ 240 ವೋಲ್ಟ್‌ಗೆ ಸಿಕ್ಕಿಕೊಳ್ಳುತ್ತವೆ, ಆ 240 ಹೇಗೆ ಹಂಚಿ ಹೋಗುತ್ತದೆ ಅನ್ನುವುದು ಯಾವ ಕಡೆ ಎಷ್ಟು ಲೋಡ್ ಇದೆ ಅನ್ನುವುದರ ಮೇಲೆ ನಿಂತಿರುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಕಡೆ 1500 ವಾಟ್‌ನ ಹೀಟರ್, ಇನ್ನೊಂದು ಕಡೆ ಸಣ್ಣಪುಟ್ಟದ್ದೆಲ್ಲ ಸೇರಿ 150 ವಾಟ್ ಅಂದುಕೊಳ್ಳಿ. ಹೀಟರ್‌ಗೆ ಸಿಗುವುದು ಸುಮಾರು 22 ವೋಲ್ಟ್, ಆ ಸಣ್ಣ ಸಾಮಾನಿಗೆ ನುಗ್ಗುವುದು ಸುಮಾರು 218 ವೋಲ್ಟ್. ಜಾಸ್ತಿ ಲೋಡ್ ಇದ್ದ ಕಡೆ ಬಚಾವ್, ಕಡಿಮೆ ಇದ್ದ ಕಡೆ ಹೋಯಿತು. ನಿಮ್ಮಲ್ಲಿ ಆಗಿದ್ದೂ ಹೀಗೇ ಇರಬೇಕು. ಲ್ಯಾಪ್‌ಟಾಪ್ ಚಾರ್ಜರ್ 100ರಿಂದ 240 ವೋಲ್ಟ್‌ವರೆಗೆ ತಡೆಯುವಂತೆಯೇ ಮಾಡಿರುತ್ತಾರೆ, ಊರಿಗೆ ತಂದಾಗಲೂ ಅದು ಕೆಲಸ ಮಾಡುವುದು ಅದಕ್ಕೇ. ಮೈಕ್ರೋವೇವ್‌ಗೆ ಆ ಭಾಗ್ಯ ಇಲ್ಲ.

ಸರ್ಜ್ ಪ್ರೊಟೆಕ್ಟರ್ ಯಾಕೆ ಕಾಪಾಡಲಿಲ್ಲ ಅಂದರೆ, ಅದರ ಕೆಲಸವೇ ಬೇರೆ. ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಬಂದು ಹೋಗುವ, ಸಾವಿರಾರು ವೋಲ್ಟ್‌ನ ಏರಿಕೆಯನ್ನು ಅದು ಹೀರಿಕೊಳ್ಳುತ್ತದೆ. 218 ವೋಲ್ಟ್ ನಿಮಿಷಗಟ್ಟಲೆ ನಿಂತರೆ ತಡೆಯಲು ಅದರಿಂದ ಆಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಅಗ್ಗದ ಡಬ್ಬಿಗಳಲ್ಲಿ ಬಹಳಷ್ಟು ಇಷ್ಟೇ ಮಾಡುವಂಥವು. ಜನ ಅದನ್ನು ಹಾಕಿ ನಿಶ್ಚಿಂತೆಯಿಂದ ಮಲಗುತ್ತಾರೆ, ಇದೇ ನನಗೆ ತುಂಬಾ ಬೇಜಾರಿನ ವಿಷಯ.

ನಿಮಗೆ ಬೇಕಾಗಿರುವುದು ಇಎಂಎಸ್ ಅಂತ ಕರೆಯುವ ಸಾಧನ. ಅದು ವೋಲ್ಟೇಜ್ ನೋಡುತ್ತಲೇ ಇರುತ್ತದೆ, ತಪ್ಪು ಕಂಡರೆ ಕರೆಂಟನ್ನೇ ಕಡಿದು ಬಿಡುತ್ತದೆ. ಪ್ರೋಗ್ರೆಸಿವ್ ಇಂಡಸ್ಟ್ರೀಸ್ ಕಂಪನಿಯದು 104 ವೋಲ್ಟ್‌ಗಿಂತ ಕೆಳಗೆ ಹೋದರೂ 132 ದಾಟಿದರೂ ಕಡಿಯುತ್ತದೆ. ಹ್ಯೂಸ್ ಕಂಪನಿಯ ಪವರ್ ವಾಚ್‌ಡಾಗ್ ತೆಗೆದುಕೊಳ್ಳುವುದಾದರೆ ಇಪಿಒ ಅಂತ ಬರೆದಿರುವ ಮಾಡೆಲ್ಲನ್ನೇ ತಗೊಳ್ಳಿ, ಆ ಅಕ್ಷರ ಇಲ್ಲದ್ದು ತಪ್ಪನ್ನು ಫೋನಿನಲ್ಲಿ ತೋರಿಸುತ್ತದೆಯೇ ಹೊರತು ಕರೆಂಟ್ ಕಡಿಯುವುದಿಲ್ಲ. ಬೆಲೆ ಕೆಲವು ನೂರು ಡಾಲರ್ ಆಗುತ್ತದೆ. ನೀವು ಕಳೆದುಕೊಂಡ ಕನ್ವರ್ಟರ್, ಮೈಕ್ರೋವೇವ್ ಬೆಲೆ ಕೂಡಿ ನೋಡಿ, ಆಮೇಲೆ ಅದು ದುಬಾರಿ ಅನ್ನಿಸುವುದಿಲ್ಲ. ಗಾಡಿಗೆ ಕರೆಂಟ್ ಕೊಡುವ ಸಾಕೆಟ್ ಇರುವ ಕ್ಯಾಂಪ್‌ಗ್ರೌಂಡ್ ಕಂಬಕ್ಕೆ ಸಿಕ್ಕಿಸುವ ಪೋರ್ಟಬಲ್ ಒಳ್ಳೆಯದಾ, ಗಾಡಿಯೊಳಗೆ ಕೂರಿಸುವುದು ಒಳ್ಳೆಯದಾ ಅಂತ ಎಲ್ಲರೂ ಕೇಳುತ್ತಾರೆ. ಸ್ವಂತ ಗಾಡಿಗೆ ನನ್ನ ಆಯ್ಕೆ ಒಳಗೆ ಕೂರಿಸುವುದು. ಕಳ್ಳತನದ ಭಯ ಇಲ್ಲ, ಮಳೆ ಬೀಳುವುದಿಲ್ಲ, ಹಾಕಲು ಮರೆಯುವ ಪ್ರಶ್ನೆಯೇ ಇಲ್ಲ.

ಇನ್ನೊಂದು ಮಾತು. ನ್ಯೂಟ್ರಲ್ ಕಡಿದಿರುವುದು ಕ್ಯಾಂಪ್‌ಗ್ರೌಂಡ್ ಕಂಬದಲ್ಲೇ ಅಂತ ಈಗಲೇ ತೀರ್ಮಾನ ಮಾಡಬೇಡಿ. ನಿಮ್ಮದೇ ಕೇಬಲ್‌ನ ಪ್ಲಗ್ ನೋಡಿ, ಯಾವುದಾದರೂ ಪಿನ್ ಕಪ್ಪಾಗಿದೆಯಾ, ಸುತ್ತಲಿನ ಪ್ಲಾಸ್ಟಿಕ್ ಕರಗಿದೆಯಾ? ಗಾಡಿಯೊಳಗಿನ ಟ್ರಾನ್ಸ್‌ಫರ್ ಸ್ವಿಚ್‌ನಲ್ಲಿ (ಹೊರಗಿನ ಕರೆಂಟ್, ಜನರೇಟರ್ ನಡುವೆ ಬದಲಿಸುವ ಸ್ವಿಚ್) ಸ್ಕ್ರೂ ಸಡಿಲವಾಗಿಯೂ ಹೀಗಾಗುತ್ತದೆ, ಗಾಡಿ ಓಡಾಡುವಾಗ ಅದುರುತ್ತದೆ ಅಲ್ವಾ. ಅದನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸದೆ ಮತ್ತೆ ಎಲ್ಲೂ ಪ್ಲಗ್ ಹಾಕಬೇಡಿ. ಅಲ್ಲಿ ಸರಿ ಇದ್ದರೆ ಫೋಟೋ, ಎಲೆಕ್ಟ್ರಿಷಿಯನ್ ಬರೆದುಕೊಟ್ಟ ವರದಿ ಇಟ್ಟುಕೊಂಡು ಕ್ಯಾಂಪ್‌ಗ್ರೌಂಡಿನವರಿಗೂ ಇನ್ಶೂರೆನ್ಸ್‌ನವರಿಗೂ ಬರೆಯಿರಿ.

ಪ್ರಶ್ನೆ: ಮೈಸೂರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಒಂದು ವಾರಕ್ಕೆ 30 ಆಂಪ್‌ನ ಸಣ್ಣ ಮೋಟರ್‌ಹೋಮ್ ಬಾಡಿಗೆಗೆ ತೆಗೆದುಕೊಂಡು ಗ್ರ್ಯಾಂಡ್ ಕ್ಯಾನ್ಯನ್, ಯೋಸೆಮಿಟಿ ನೋಡುವ ಯೋಚನೆ. ನನಗೆ ಕರೆಂಟ್ ಬಗ್ಗೆ ಏನೂ ಗೊತ್ತಿಲ್ಲ. ಕನಿಷ್ಠ ಏನು ಮಾಡಬೇಕು? (ಸ್ಯಾನ್ ಹೋಸೆ)

ಉತ್ತರ: ಮೊದಲು ಎಲ್ಲಿ ಪ್ಲಗ್ ಹಾಕಲು ಸಿಗುತ್ತದೆ ಅಂತ ತಿಳಿದುಕೊಳ್ಳಿ. ಯೋಸೆಮಿಟಿ ಪಾರ್ಕ್ ಒಳಗಿನ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಗಾಡಿಗೆ ಕರೆಂಟ್ ಸಿಗುವುದೇ ಇಲ್ಲ, ಬ್ಯಾಟರಿ, ಜನರೇಟರ್ ಮೇಲೆಯೇ ಇರಬೇಕು, ಜನರೇಟರ್‌ಗೂ ಸಮಯದ ನಿಯಮ ಇದೆ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ದಂಡೆಯಲ್ಲಿ ಮೇದರ್ ಕ್ಯಾಂಪ್‌ಗ್ರೌಂಡ್‌ನಲ್ಲೂ ಇಲ್ಲ, ಪಕ್ಕದ ಟ್ರೇಲರ್ ವಿಲೇಜ್‌ನಲ್ಲಿ ಇದೆ. ಅಪ್ಪ ಅಮ್ಮನಿಗೆ ರಾತ್ರಿ ಹೀಟರ್, ಎಸಿ, ಉಸಿರಾಟದ ಯಂತ್ರ ಏನಾದರೂ ಬೇಕಿದ್ದರೆ ಇದನ್ನು ನೋಡಿಯೇ ಬುಕ್ ಮಾಡಿ.

30 ಆಂಪ್ ಸಾಕೆಟ್‌ಗೆ ಮೂರೇ ತೂತು, ಒಂದೇ ಲೈನ್, 120 ವೋಲ್ಟ್. ಈ ಸಾಕೆಟ್‌ನಲ್ಲೋ ನಿಮ್ಮ ಕೇಬಲ್‌ನಲ್ಲೋ ನ್ಯೂಟ್ರಲ್ ಕಡಿದರೆ ಸುಮ್ನೆ ಎಲ್ಲ ಆರಿಹೋಗುತ್ತದೆ, ಮೇಲೆ ಹೇಳಿದ ಹಾಗೆ ಸಾಮಾನು ಸುಡುವುದಿಲ್ಲ. ಆದರೆ ಇದಕ್ಕೆ ಬೇರೆಯೇ ಒಂದು ಅಪಾಯ ಇದೆ. ಅಮೆರಿಕದ ಮನೆಗಳಲ್ಲಿ ಬಟ್ಟೆ ಒಣಗಿಸುವ ಯಂತ್ರಕ್ಕೆ 30 ಆಂಪ್‌ನ 240 ವೋಲ್ಟ್ ಸಾಕೆಟ್ ಇರುತ್ತದೆ. ಮನೆ ವೈರಿಂಗ್ ಮಾತ್ರ ಗೊತ್ತಿರುವ ಎಲೆಕ್ಟ್ರಿಷಿಯನ್ 30 ಆಂಪ್ ಅಂದ ಕೂಡಲೇ ಇದಕ್ಕೂ 240 ಕೊಟ್ಟು ಬಿಡುತ್ತಾನೆ. ಸಣ್ಣ ಖಾಸಗಿ ಜಾಗಗಳಲ್ಲಿ, ನೆಂಟರ ಮನೆಯ ಗ್ಯಾರೇಜ್‌ನಲ್ಲಿ ಹೊಸದಾಗಿ ಹಾಕಿಸಿದ ಸಾಕೆಟ್‌ನಲ್ಲಿ ಇದು ಜಾಸ್ತಿ. ಪ್ಲಗ್ ಹಾಕಿದ ಮರುಕ್ಷಣ ಗಾಡಿಯಲ್ಲಿರುವ ಎಲ್ಲದಕ್ಕೂ ಎರಡು ಪಟ್ಟು ವೋಲ್ಟೇಜ್.

ಬಾಡಿಗೆ ಕೊಡುವವರನ್ನು ಇಎಂಎಸ್ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ 30 ಆಂಪ್‌ನ ಪೋರ್ಟಬಲ್ ಒಂದನ್ನು ತೆಗೆದುಕೊಳ್ಳಿ. ಕಂಬದ ಹತ್ತಿರ ಹೋದಾಗ ಮೊದಲು ಬ್ರೇಕರ್ ಆಫ್ ಮಾಡಿ. ಸಾಕೆಟ್ ಕಪ್ಪಾಗಿದ್ದರೆ, ಅಲ್ಲಾಡುತ್ತಿದ್ದರೆ, ಒಳಗೆ ಕಣಜ ಗೂಡು ಕಟ್ಟಿದ್ದರೆ ಬೇರೆ ಜಾಗ ಕೇಳಿ. ಸರಿ ಇದ್ದರೆ ಇಎಂಎಸ್ ಒಂದನ್ನೇ ಸಿಕ್ಕಿಸಿ, ಗಾಡಿಯ ಕೇಬಲ್ ಇನ್ನೂ ಬೇಡ, ಬ್ರೇಕರ್ ಆನ್ ಮಾಡಿ. ಅದು ಸರಿ ಅಂದ ಮೇಲೆ ಬ್ರೇಕರ್ ಮತ್ತೆ ಆಫ್ ಮಾಡಿ ಕೇಬಲ್ ಸೇರಿಸಿ, ಆಮೇಲೆ ಆನ್. ಗಾಡಿ ಬಿಡುವಾಗಲೂ ಬ್ರೇಕರ್ ಆಫ್ ಮಾಡಿಯೇ ಪ್ಲಗ್ ಕೀಳಬೇಕು. ಮಲ್ಟಿಮೀಟರ್ ಹಿಡಿದು ಗೊತ್ತಿದ್ದವರು ಲೈನ್-ನ್ಯೂಟ್ರಲ್ ನಡುವೆ ಸುಮಾರು 120, ಲೈನ್-ಅರ್ಥ್ ನಡುವೆಯೂ ಅಷ್ಟೇ, ನ್ಯೂಟ್ರಲ್-ಅರ್ಥ್ ನಡುವೆ ಹೆಚ್ಚುಕಡಿಮೆ ಸೊನ್ನೆ ಬರುತ್ತದಾ ನೋಡಬಹುದು. ಗೊತ್ತಿಲ್ಲದವರು ಕರೆಂಟ್ ಇರುವ ಸಾಕೆಟ್‌ಗೆ ಕಡ್ಡಿ ಹಾಕುವ ಸಾಹಸ ಮಾಡಲೇಬೇಡಿ, ಇಎಂಎಸ್ ಸಾಕು.

ಪ್ರಶ್ನೆ: ಅಮ್ಮ ಬೆಳಿಗ್ಗೆ ಬರಿಗಾಲಲ್ಲಿ ಒದ್ದೆ ಹುಲ್ಲಿನ ಮೇಲೆ ನಿಂತು ಗಾಡಿಯ ಬಾಗಿಲ ಹಿಡಿ ಮುಟ್ಟಿದಾಗ ಜುಮ್ ಅಂದಿತಂತೆ. ನಾನು ಚಪ್ಪಲಿ ಹಾಕಿ ಮುಟ್ಟಿದರೆ ಏನೂ ಇಲ್ಲ. ಸಣ್ಣ ವಿಷಯ ಅಂತ ಬಿಡಬಹುದಾ? (ಅಟ್ಲಾಂಟ)

ಉತ್ತರ: ಬಿಡಬಾರದು. ದಯವಿಟ್ಟು ಬಿಡಬೇಡಿ. ಈ ಅಂಕಣದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ ಅಂತ ಎಲ್ಲರಿಗೂ ಹೇಳುತ್ತೇನೆ.

ಗಾಡಿ ನಿಂತಿರುವುದು ರಬ್ಬರ್ ಟೈರ್ ಮೇಲೆ. ಅದರ ಲೋಹದ ಮೈಗೆ ಇರುವ ಒಂದೇ ರಕ್ಷಣೆ ಕೇಬಲ್‌ನ ಅರ್ಥ್ ವೈರ್. ಅದು ಕಂಬದಲ್ಲಿ ಕಡಿದಿದ್ದರೆ, ಅಥವಾ ನೀವು ಅರ್ಥ್ ಪಿನ್ ಮುರಿದ ಎಕ್ಸ್‌ಟೆನ್ಶನ್ ಹಾಕಿದ್ದರೆ, ಫ್ರಿಜ್ಜಿನಲ್ಲೋ ವಾಟರ್ ಹೀಟರ್‌ನಲ್ಲೋ ಸೋರುವ ಸ್ವಲ್ಪ ಕರೆಂಟ್‌ಗೆ ಹೋಗಲು ದಾರಿ ಇರುವುದಿಲ್ಲ, ಇಡೀ ಗಾಡಿಯ ಮೈಯಲ್ಲಿ ವೋಲ್ಟೇಜ್ ಕೂತಿರುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮುಟ್ಟಿದವರ ಮೂಲಕ ಅದು ಇಳಿಯುತ್ತದೆ. ಇವತ್ತು ಜುಮ್ ಅಂದಿದ್ದು, ಆ ಸೋರಿಕೆ ಜಾಸ್ತಿಯಾದ ದಿನ ಪ್ರಾಣ ತೆಗೆಯಬಹುದು. ನಿಮಗೆ ಚಪ್ಪಲಿ ಇದ್ದಿದ್ದರಿಂದ ಗೊತ್ತಾಗಲಿಲ್ಲ, ಅಷ್ಟೇ.

ಹಾಗಾದ ತಕ್ಷಣ ಯಾರೂ ಗಾಡಿ ಮುಟ್ಟಬಾರದು. ಒಣ ಶೂ ಹಾಕಿಕೊಂಡು ಕಂಬಕ್ಕೆ ಹೋಗಿ ಬ್ರೇಕರ್ ಆಫ್ ಮಾಡಿ, ಆಮೇಲೆ ಪ್ಲಗ್ ತೆಗೆಯಿರಿ. ಒಳಗೆ ಇರುವವರು ಅಲ್ಲೇ ಇರಲಿ. ಇಳಿಯಲೇಬೇಕಾದರೆ ಒಂದು ಕೈ ಗಾಡಿಯ ಮೇಲೆ, ಒಂದು ಕಾಲು ನೆಲದ ಮೇಲೆ ಆಗದ ಹಾಗೆ ಎರಡೂ ಕಾಲು ಜೋಡಿಸಿ ಜಿಗಿಯಬೇಕು. ಅಮ್ಮನ ವಯಸ್ಸಿನವರಿಗೆ ಅದು ಹೇಳಬೇಡಿ, ಕರೆಂಟ್ ತೆಗೆಯುವವರೆಗೆ ಕೂತಿರಲಿ.

ವೈರ್ ಮುಟ್ಟದೆಯೇ ಮಿನುಗುವ, ಪೆನ್ನಿನಂಥ ಟೆಸ್ಟರ್ ಸಿಗುತ್ತದೆ, ಇಪ್ಪತ್ತು ಮೂವತ್ತು ಡಾಲರ್‌ನೊಳಗೆ. ಪ್ರತಿ ಸಲ ಪ್ಲಗ್ ಹಾಕಿದ ಮೇಲೆ, ಬಾಗಿಲು ಮುಟ್ಟುವ ಮೊದಲು ಅದನ್ನು ಗಾಡಿಯ ಮೈಗೆ ಹತ್ತಿರ ಹಿಡಿಯಿರಿ. ಮಿನುಗಿದರೆ ಮುಟ್ಟಬೇಡಿ. ಇಎಂಎಸ್ ಇದೆಯಲ್ಲ ಅಂತ ಇದನ್ನು ಬಿಡಬೇಡಿ. ಇಎಂಎಸ್ ಅರ್ಥ್ ಕಡಿದಿದ್ದನ್ನು ಪತ್ತೆ ಮಾಡುತ್ತದೆ, ಆದರೆ ಅದು ಅರ್ಥ್ ವೈರನ್ನು ಕಡಿಯುವುದಿಲ್ಲ. ಯಾರೋ ತಪ್ಪಾಗಿ ಅರ್ಥ್ ವೈರ್‌ಗೇ ಲೈನ್ ಸೇರಿಸಿದ್ದರೆ ಅದು ನೇರ ಗಾಡಿಯ ಮೈಗೆ ಬರುತ್ತದೆ.

ಊರಿನ ಅಭ್ಯಾಸದಲ್ಲಿ ನಾವು ಒಂದು ಯೋಚನೆ ಮಾಡುತ್ತೇವೆ, ಗಾಡಿ ಪಕ್ಕ ಒಂದು ಕಬ್ಬಿಣದ ಸಲಾಕೆ ಹೊಡೆದು ವೈರ್ ಕಟ್ಟಿದರೆ ಅರ್ಥಿಂಗ್ ಆಯಿತಲ್ಲ ಅಂತ. ಆಗುವುದಿಲ್ಲ. ಸಲಾಕೆ ಮತ್ತು ಮಣ್ಣಿನ ರೆಸಿಸ್ಟೆನ್ಸ್ 25 ಓಮ್ ಅಂತ ಹಿಡಿದರೂ 120 ವೋಲ್ಟ್‌ಗೆ ಹರಿಯುವುದು 5 ಆಂಪ್‌ಗಿಂತ ಕಡಿಮೆ. 30 ಆಂಪ್ ಬ್ರೇಕರ್ ಬೀಳುವುದೇ ಇಲ್ಲ, ಗಾಡಿಯ ಮೈಯಲ್ಲಿ ವೋಲ್ಟೇಜ್ ಹಾಗೇ ಕೂತಿರುತ್ತದೆ. ಕಂಬದ ಅರ್ಥ್ ಸರಿಪಡಿಸಬೇಕು, ಗಾಡಿಯೊಳಗಿನ ಸೋರಿಕೆಯನ್ನು ಹುಡುಕಿಸಬೇಕು, ಬೇರೆ ದಾರಿ ಇಲ್ಲ.

ಪ್ರಶ್ನೆ: ಬೇಸಿಗೆಯಲ್ಲಿ ಮಧ್ಯಾಹ್ನ ಆಯಿತೆಂದರೆ ನಮ್ಮ ಇಎಂಎಸ್ ಪದೇ ಪದೇ ಕರೆಂಟ್ ಕಡಿಯುತ್ತದೆ, ಎರಡು ನಿಮಿಷದ ಮೇಲೆ ಮತ್ತೆ ಕೊಡುತ್ತದೆ. ಕೆಟ್ಟಿದೆಯಾ? ಅದರ ಕಾವಲು ತಪ್ಪಿಸುವ ಬೈಪಾಸ್ ಸ್ವಿಚ್ ಹಾಕಿದರೆ ಎಸಿ ಚೆನ್ನಾಗಿ ಓಡುತ್ತದೆ. (ಫೀನಿಕ್ಸ್)

ಉತ್ತರ: ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ. ಮಧ್ಯಾಹ್ನ ಎಲ್ಲರೂ ಎಸಿ ಹಾಕುತ್ತಾರೆ, ಕ್ಯಾಂಪ್‌ಗ್ರೌಂಡ್‌ನ ಹಳೆಯ ಸಣ್ಣ ವೈರ್‌ಗಳಲ್ಲಿ ವೋಲ್ಟೇಜ್ ಬೀಳುತ್ತದೆ, ಸಾಲಿನ ಕೊನೆಯ ಜಾಗಗಳಲ್ಲಂತೂ ಇನ್ನೂ ಕಡಿಮೆ. ಕಡಿಮೆ ವೋಲ್ಟೇಜ್‌ನಲ್ಲಿ ಕಂಪ್ರೆಸರ್ ಜಾಸ್ತಿ ಆಂಪ್ ಎಳೆದು ಬಿಸಿಯಾಗುತ್ತದೆ. ಬೈಪಾಸ್‌ನಲ್ಲಿ ಚೆನ್ನಾಗಿ ಓಡುತ್ತಿದೆ ಅನ್ನಿಸಿದಾಗ ಒಳಗೆ ಅದು ಸವೆಯುತ್ತಿರುತ್ತದೆ. ಎರಡು ನಿಮಿಷ ಕಾಯುವುದೂ ಕಂಪ್ರೆಸರ್ ಒಳಗಿನ ಒತ್ತಡ ಇಳಿಯಲಿ ಅಂತಲೇ.

ನಿಮ್ಮ ಲೋಡ್ ಕೂಡ ನೋಡಿಕೊಳ್ಳಿ. 30 ಆಂಪ್‌ನಲ್ಲಿ ಸಿಗುವುದು ಒಟ್ಟು 3600 ವಾಟ್. ಎಸಿಗೆ ಸುಮಾರು 13 ಆಂಪ್, ಮೈಕ್ರೋವೇವ್‌ಗೆ ಹೆಚ್ಚುಕಡಿಮೆ ಅಷ್ಟೇ, ವಾಟರ್ ಹೀಟರ್‌ಗೆ 12. ಮೂರೂ ಒಟ್ಟಿಗೆ ಆಗುವುದಿಲ್ಲ. ವಾಟರ್ ಹೀಟರನ್ನು ಗ್ಯಾಸ್ ಮೇಲೆ ಹಾಕಿ, ಅಡುಗೆ ಬೆಳಿಗ್ಗೆಯೇ ಮುಗಿಸಿ. ಆದರೂ ವೋಲ್ಟೇಜ್ 104ರ ಹತ್ತಿರವೇ ಇದ್ದರೆ ಆಫೀಸಿಗೆ ಹೋಗಿ ಟ್ರಾನ್ಸ್‌ಫಾರ್ಮರ್‌ಗೆ ಹತ್ತಿರದ ಜಾಗ ಕೇಳಿ. ದುಡ್ಡು ಕೊಟ್ಟಿದ್ದೀರಿ, ಕೇಳುವುದರಲ್ಲಿ ಸಂಕೋಚ ಬೇಡ.

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಟೆಂಪೋ ಟ್ರಾವೆಲರ್ ಒಂದನ್ನು ಕ್ಯಾಂಪರ್ ಮಾಡಿಕೊಂಡಿದ್ದೇನೆ. ಮಲೆನಾಡಿನ ಹೋಮ್‌ಸ್ಟೇಗಳಲ್ಲಿ 16 ಆಂಪ್ ಸಾಕೆಟ್‌ಗೆ ಪ್ಲಗ್ ಹಾಕುತ್ತೇನೆ. ಅಮೆರಿಕದಲ್ಲಿರುವ ಅಣ್ಣನ ಹತ್ತಿರ ಇಎಂಎಸ್ ತರಿಸಲೇ?

ಉತ್ತರ: ಬೇಡ ಸರ್. ಅದು 120 ವೋಲ್ಟ್‌ಗೆ ಮಾಡಿದ್ದು, ನಮ್ಮ 230ಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಆದರೆ ಅಪಾಯ ಅದೇ, ಸ್ವಲ್ಪ ದೊಡ್ಡದೇ. ನಮ್ಮಲ್ಲಿ ಮರ ಬಿದ್ದು ನ್ಯೂಟ್ರಲ್ ಕಡಿದರೆ ಒಂದು ಮನೆಯ ಸಾಕೆಟ್‌ಗೆ 400 ವೋಲ್ಟ್‌ವರೆಗೂ ಬರಬಹುದು.

ಗಾಡಿಯೊಳಗೆ ಕರೆಂಟ್ ಬರುವ ಜಾಗದಲ್ಲೇ ಒಂದು ಸಣ್ಣ ಡಿಬಿ (ಬ್ರೇಕರ್‌ಗಳನ್ನು ಕೂರಿಸುವ ಪೆಟ್ಟಿಗೆ) ಕೂರಿಸಿ. ಅದರಲ್ಲಿ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಎಂಸಿಬಿ, ಕರೆಂಟ್ ಸೋರಿದರೆ ಬೀಳುವ 30 ಮಿಲಿ ಆಂಪ್‌ನ ಆರ್‌ಸಿಸಿಬಿ, ಜೊತೆಗೆ ವೋಲ್ಟೇಜ್ ಜಾಸ್ತಿ ಕಡಿಮೆ ಆದರೆ ಕಡಿಯುವ ಪ್ರೊಟೆಕ್ಟರ್ ಒಂದು. ಇಲ್ಲಿನ ಎಲೆಕ್ಟ್ರಿಕಲ್ ಅಂಗಡಿಗಳಲ್ಲೇ ಸಿಗುತ್ತವೆ. ಡಬಲ್ ಪೋಲ್ ಯಾಕೆಂದರೆ ಎಷ್ಟೋ ಹೋಮ್‌ಸ್ಟೇಗಳಲ್ಲಿ ಸಾಕೆಟ್‌ನಲ್ಲಿ ಫೇಸ್-ನ್ಯೂಟ್ರಲ್ ಅದಲು ಬದಲಾಗಿರುತ್ತವೆ. ಇನ್ನು ಕೆಲವು ಕಡೆ ಅರ್ಥ್ ವೈರ್ ಸಾಕೆಟ್ ಹಿಂದೆ ಎಲ್ಲಿಗೂ ಹೋಗಿರುವುದಿಲ್ಲ. ಮೂರು ಲೈಟ್‌ನ ಸಾಕೆಟ್ ಟೆಸ್ಟರ್ ಒಂದನ್ನು ಜೊತೆಗಿಟ್ಟುಕೊಂಡು ಪ್ರತಿ ಕಡೆ ಮೊದಲು ಅದನ್ನು ಹಾಕಿ ನೋಡಿ, ಅರ್ಥ್ ಇಲ್ಲ ಅಂತ ತೋರಿಸಿದರೆ ಅಲ್ಲಿ ಗಾಡಿಗೆ ಪ್ಲಗ್ ಬೇಡ, ಬ್ಯಾಟರಿಯ ಮೇಲೆಯೇ ರಾತ್ರಿ ಕಳೆಯಿರಿ.

ಆರ್‌ಸಿಸಿಬಿ ಮೇಲೆ ಟೆಸ್ಟ್ ಅಂತ ಬರೆದ ಬಟನ್ ಇರುತ್ತದೆ. ಪ್ರತಿ ಪ್ರವಾಸಕ್ಕೆ ಹೊರಡುವ ಮುಂಚೆ ಮನೆಯಲ್ಲೇ ಪ್ಲಗ್ ಹಾಕಿ ಅದನ್ನು ಒತ್ತಿ ನೋಡಿ. ಟಕ್ ಅಂತ ಬೀಳದಿದ್ದರೆ ಅದನ್ನು ಬದಲಿಸಿಯೇ ಹೊರಡಿ.