ಇಬ್ಬರು ಹುಡುಗಿಯರ ಮದುವೆ ಅಂತ ಗೊತ್ತಾದ ಮೇಲೆ ಛತ್ರ ಕೊಡಲ್ಲ ಅನ್ನಬಹುದಾ?

ತುಮಕೂರಿನ ಒಂದು ಛತ್ರದವರು ಅಡ್ವಾನ್ಸ್ ತಗೊಂಡು, ಹೆಣ್ಣೂ ಹೆಣ್ಣೂ ಮದುವೆ ಅಂತ ತಿಳಿದ ಮೇಲೆ ಆಗಲ್ಲ ಅಂದರು, ಇದು ಸರಿಯಾ ಅಂತ ಕೇಳಿದ್ದೀರಿ. ಸರಿಯಲ್ಲ. ಓದಿ ನನಗೂ ತುಂಬಾ ಬೇಜಾರಾಯಿತು.

ನೀವು ಜೊತೆಗಿರುವುದು ಅಪರಾಧ ಅಲ್ಲ, 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸಲಿಂಗಿ ಮದುವೆಗೆ ಮಾನ್ಯತೆ ಕೊಡದ ಸುಪ್ರೀಂ ಕೋರ್ಟಿನ 2023ರ ಅಕ್ಟೋಬರ್ 17ರ ತೀರ್ಪಿನಿಂದಾಗಿ ಮದುವೆ ರಿಜಿಸ್ಟರ್ ಆಗುವುದಿಲ್ಲ ನಿಜ, ಆದರೆ ನೆಂಟರನ್ನು ಕರೆದು ಹಾರ ಬದಲಾಯಿಸಿ ಊಟ ಹಾಕಿಸುವುದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ.

ತಾರತಮ್ಯ ಅಂತ ಕೇಸ್ ಹಾಕುವುದು ಮಾತ್ರ ಕಷ್ಟ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲ್‌ಗಳಲ್ಲಿ ಲಿಂಗದ ಕಾರಣಕ್ಕೆ ತಡೆಯಬಾರದು ಅನ್ನುತ್ತದೆ, ಆದರೆ ಸಲಿಂಗಿ ಜೋಡಿಗಳಿಗೆ ಅಂತಲೇ ಖಾಸಗಿಯವರನ್ನು ಕಟ್ಟಿಹಾಕುವ ಬೇರೆ ಕಾನೂನು ನಮ್ಮಲ್ಲಿಲ್ಲ. ನಿಮ್ಮಲ್ಲಿ ಒಬ್ಬರು ಟ್ರಾನ್ಸ್‌ಜೆಂಡರ್ ಆಗಿದ್ದರೆ ಟ್ರಾನ್ಸ್‌ಜೆಂಡರ್ ಜನರ ಹಕ್ಕು ಕಾಪಾಡುವ 2019ರ ಕಾಯ್ದೆ ನೆರವಿಗಿದೆ.

ಅಡ್ವಾನ್ಸ್ ಅಂತೂ ಸುಮ್ನೆ ಬಿಡಬೇಡಿ. ರಸೀದಿ, ವಾಟ್ಸಾಪ್ ಮೆಸೇಜ್ ಜೋಪಾನವಾಗಿ ಇಟ್ಟುಕೊಳ್ಳಿ. ಮೊದಲು ಛತ್ರದವರಿಗೆ ನೋಟಿಸ್ ಕೊಡಿ, ದುಡ್ಡು ವಾಪಸ್ ಕೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಹಾಕಿ. ಲಾಯರ್ ಇಲ್ಲದೆ ನೀವೇ ವಾದ ಮಾಡಬಹುದು. ಮುಂದಿನ ಛತ್ರದಲ್ಲಿ ಇಬ್ಬರ ಹೆಸರನ್ನೂ ರಸೀದಿಯಲ್ಲೇ ಬರೆಸಿಕೊಳ್ಳಿ, ಆಮೇಲೆ ಗೊತ್ತಿರಲಿಲ್ಲ ಅನ್ನುವುದಕ್ಕೆ ಆಗಬಾರದು.